ಕುಟ್ರುಹಕ್ಕಿ ದನಿ ತಗ್ಗಿಸಿದ ಬೆಳಿಗ್ಗೆ

ಅರ್ಧಕ್ಕರ್ಧ ಕೆರೆಯೇ ತುಂಬಿಕೊಂಡಿದ್ದ ಒಂದು ಕಾಡಿನಲ್ಲಿ ಹಕ್ಕಿಗಳದ್ದೊಂದು ಹಾಡಿನ ಮೇಳವಿತ್ತು. ಕೆರೆಯ ಮಧ್ಯೆ ನಡುಗಡ್ಡೆ, ನಡುಗಡ್ಡೆಯಲ್ಲಿ ದೊಡ್ಡ ಅತ್ತಿಮರ. ಚಳಿಗಾಲ ಬಂತೆಂದರೆ ದಿನಾ ಬೆಳಿಗ್ಗೆ ಇಪ್ಪತ್ತು ಹಕ್ಕಿಗಳು ಆ ಮರದಲ್ಲಿ ಸಾಲಾಗಿ ಕೂತು ಹಾಡುತ್ತಿದ್ದವು. ಶೋಕಿಗೆ ಹಾಡುತ್ತಿದ್ದವು ಅಂದುಕೊಳ್ಳಬೇಡಿ. ಆ ಕೆರೆಯ ಮೇಲೆ ಎಂಥ ಮಂಜು ಬೀಳುತ್ತಿತ್ತೆಂದರೆ, ಹಕ್ಕಿಗೆ ತನ್ನ ಕೊಕ್ಕಿನ ತುದಿಯೇ ಕಾಣುತ್ತಿರಲಿಲ್ಲ. ನೀರುಕೋಳಿ ಈರಕ್ಕ ತನ್ನ ನಾಲ್ಕು ಎಳೆಮರಿಗಳನ್ನು ಕಟ್ಟಿಕೊಂಡು ನಸುಕಿನಲ್ಲೇ ಜೊಂಡಿನ ಕಡೆ ಮೇಯಲು ಹೋಗುತ್ತಿದ್ದಳು. ವಾಪಸು ಬರಲು ಅವಳಿಗಿದ್ದ ಗುರುತು ಈ ಹಾಡೊಂದೇ. ಹಾಡು ಕೇಳಿಸಿದ ಕಡೆ ಈಜಿದರೆ ಮನೆ. ದಿಕ್ಕು ತಪ್ಪಿದರೆ ಆಚೆ ದಡ. ಆಚೆ ದಡದಲ್ಲಿ ನರಿ ಇತ್ತು.

ಮೇಳದ ಯಜಮಾನ ಮರಕುಟಿಗ ದುಗ್ಗಜ್ಜ. ತಮಾಷೆ ನೋಡಿ, ಯಜಮಾನನಿಗೆ ಒಂದು ಸಾಲು ಹಾಡಲೂ ಬರುತ್ತಿರಲಿಲ್ಲ. ಒಣಕೊಂಬೆಯ ಮೇಲೆ ಟಕಟಕ ತಾಳ ಹಾಕುವುದು, ಕೇಳುವುದು, ತಪ್ಪಿದವರನ್ನು ಬೈಯುವುದು, ಇಷ್ಟೇ ಅವನ ಕೆಲಸ. ಆದರೆ ಕಿವಿ ಮಾತ್ರ ಬಲು ಚುರುಕು. ಯಾರ ಉಸಿರು ಮುಗಿಯುತ್ತಾ ಬಂತು ಎಂಬುದು ಹಾಡುವವರಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು.

ಆ ಮೇಳಕ್ಕೆ ಅವನು ಎರಡು ಕಟ್ಟಳೆ ಹಾಕಿದ್ದ. ಪಕ್ಕದ ಹಕ್ಕಿ ಉಸಿರು ತೆಗೆದುಕೊಳ್ಳುವಾಗ ನೀನು ತೆಗೆದುಕೊಳ್ಳಬಾರದು, ಅದು ಬಿಟ್ಟ ಸ್ವರವನ್ನು ನೀನು ಹಿಡಿದಿರಬೇಕು. ಹಾಗೆ ಮಾಡಿದರೆ ಹಾಡು ಎಲ್ಲೂ ಕಡಿಯುವುದಿಲ್ಲ. ಇನ್ನೊಂದು, ಪಕ್ಕದವರ ದನಿ ನಿನಗೆ ಕೇಳಿಸದಿದ್ದರೆ ನಿನ್ನ ದನಿ ಹೆಚ್ಚಾಯಿತು ಎಂದೇ ಅರ್ಥ. ತಗ್ಗಿಸಬೇಕು.

ಕುಟ್ರುಹಕ್ಕಿ ಚೆಲುವನಿಗೆ ಈ ಎರಡನೆಯದೇ ಆಗಿಬರುತ್ತಿರಲಿಲ್ಲ. ಅವನದು ದೊಡ್ಡ ದನಿ. ಗಂಟಲು ಉಬ್ಬಿಸಿ “ಕುಟ್ರೂ ಕುಟ್ರೂ” ಎಂದರೆ ಕೆರೆಗೆ ಕೆರೆಯೇ ಮೊಳಗುತ್ತಿತ್ತು. ಅಂಥ ದನಿಯನ್ನು ತಗ್ಗಿಸು ಎಂದರೆ ಯಾರಿಗೆ ತಾನೇ ಇಷ್ಟವಾಗುತ್ತದೆ?

“ಗಂಟಲಲ್ಲಿ ಅರಚಬೇಡ ಕಣೋ. ಹೊಟ್ಟೆಯಿಂದ ಉಸಿರು ತಾ,” ಎಂದು ದುಗ್ಗಜ್ಜ ಒಂದು ದಿನ ತಾಳ ನಿಲ್ಲಿಸಿ ಗದರಿದ. “ಎಲ್ಲಿ, ನಿನ್ನ ಪಕ್ಕದಲ್ಲಿ ಪಿಕಳಾರ ಸಾಕಿ ಈಗ ಏನು ಹಾಡಿದಳು, ಹೇಳು ನೋಡೋಣ.”

“ನಂಗೆ ಕೇಳಿಸ್ಲಿಲ್ಲ ಅಜ್ಜ.”

“ಹೆಂಗೆ ಕೇಳಿಸುತ್ತೆ? ನೀನೊಬ್ಬನೇ ಸಂತೆ ಮಾಡ್ತಿದ್ದೀಯಲ್ಲ!”

ಎಲ್ಲರೂ ನಕ್ಕರು. ಸಾಕಿಯೂ ನಕ್ಕಳು. ಚೆಲುವನಿಗೆ ಅವಮಾನವಾಯಿತು. ಅವನು ಮುಖ ಊದಿಸಿಕೊಂಡು ಆಚೆ ದಡದ ಆಲದಮರಕ್ಕೆ ಹಣ್ಣು ತಿನ್ನಲು ಹೊರಟುಹೋದ.

ಆ ಮರದ ಬುಡದಲ್ಲೇ ನರಿ ಮಲಗಿತ್ತು. “ಏನು ಚೆಲುವರಾಯರು, ಮುಖ ಬಾಡಿದೆ?” ಎಂದು ಬಲು ಮರ್ಯಾದೆಯಿಂದ ಕೇಳಿತು.

ಚೆಲುವ ಎಲ್ಲವನ್ನೂ ಹೇಳಿಕೊಂಡ. ನರಿ ಅಯ್ಯೋ ಅಯ್ಯೋ ಎಂದು ತಲೆ ಅಲ್ಲಾಡಿಸಿತು.

“ಅವರಿಗೆಲ್ಲ ಹೊಟ್ಟೆಕಿಚ್ಚು ರಾಯರೇ. ಆ ಗುಂಪಿನಲ್ಲಿ ನಿಮ್ಮ ದನಿ ಮುಚ್ಚಿಹೋಗ್ತಿದೆ. ನಾಳೆ ಬೆಳಿಗ್ಗೆ ಈ ಮರದ ತುದೀಲಿ ಕೂತು ಒಬ್ಬರೇ ಹಾಡಿ. ನಿಮ್ಮ ದನಿ ಎಂಥದ್ದು ಅಂತ ಆಗ ಗೊತ್ತಾಗುತ್ತೆ.”

“ಈರಕ್ಕನ ಮರಿಗಳು ಮನೆಗೆ ಬರಬೇಕಲ್ಲ?”

“ಅಲ್ಲಿ ಹತ್ತೊಂಬತ್ತು ಜನ ಇದ್ದಾರಲ್ಲ ಹಾಡೋಕೆ! ನಿಮ್ಮದು ಹೆಚ್ಚಾಯ್ತು ಅಂತ ಅವರೇ ಹೇಳಿದ್ದು ತಾನೇ?”

ಮಾತು ಸರಿ ಅನ್ನಿಸಿತು. ಹೊಗಳಿದವರ ಮಾತು ನಮಗೆ ಯಾವಾಗಲೂ ಸರಿ ಅನ್ನಿಸುತ್ತದೆ. ಚೆಲುವ ಒಪ್ಪಿಕೊಂಡ.

ಮಾರನೆಯ ಬೆಳಿಗ್ಗೆ ಮಂಜು ದಟ್ಟವಾಗಿ ಕವಿದಿತ್ತು. ಚೆಲುವ ಆಲದಮರದ ತುದಿಯಲ್ಲಿ ಕೂತು ಶುರುಮಾಡಿದ. ತಗ್ಗಿಸು ಎನ್ನುವವರು ಯಾರೂ ಇರಲಿಲ್ಲ. ಅವನ ದನಿ ಕೆರೆಯ ಮೇಲೆಲ್ಲ ಹರಡಿ ತಿರುಗಿ ಅವನ ಕಿವಿಗೇ ಬಂದು ಬೀಳುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಅವನಿಗೆ ತುಂಬಾ ಖುಷಿಯಾಯಿತು. ಇನ್ನೂ ಜೋರಾಗಿ ಹಾಡಿದ, ಇನ್ನೂ ಜೋರಾಗಿ ಹಾಡಿದ. ಸ್ವಲ್ಪ ಹೊತ್ತಿಗೆ ಗಂಟಲು ಉರಿಯತೊಡಗಿತು. ಉಸಿರು ಕಟ್ಟಿತು. ಸ್ವರ ಹಿಡಿದುಕೊಳ್ಳಲು ಪಕ್ಕದಲ್ಲಿ ಯಾರೂ ಇಲ್ಲ. ಹಾಡು ನಿಂತಿತು.

ಹಾಡು ನಿಂತಾಗ ಅವನಿಗೆ ಬೇರೆ ಸದ್ದು ಕೇಳಿಸಿತು. ಹತ್ತಿರದಲ್ಲೇ, ನೀರಿನ ಮೇಲೆ, “ಪೀಂ ಪೀಂ” ಎನ್ನುವ ನಾಲ್ಕು ಎಳೆಯ ದನಿಗಳು. ದೂರದಲ್ಲಿ ಮರಿಗಳನ್ನು ಹುಡುಕಿ ಕೂಗುತ್ತಿದ್ದ ಈರಕ್ಕ. ಮರದ ಕೆಳಗೆ ಕೆಸರಿನಲ್ಲಿ ಮೆಲ್ಲಗೆ ಇಡುವ ಹೆಜ್ಜೆ.

“ಯಾಕೆ ನಿಲ್ಲಿಸಿದಿರಿ ರಾಯರೇ? ಹಾಡಿ, ಹಾಡಿ,” ಎಂದು ಕೆಳಗಿನಿಂದ ನರಿ ಪಿಸುಗುಟ್ಟಿತು. “ಇನ್ನೇನು ಬಂದೇಬಿಟ್ಟವು.”

ಚೆಲುವನಿಗೆ ಆಗ ಹೊಳೆಯಿತು. ಮರಿಗಳು ತನ್ನ ದನಿ ಹಿಡಿದುಕೊಂಡೇ ಈ ದಡಕ್ಕೆ ಬರುತ್ತಿವೆ! ಹಿಂದಕ್ಕೆ ಹೋಗಿ ಎಂದು ಕೂಗೋಣವೇ? ಅವಕ್ಕೆ ಇನ್ನೂ ಮಾತು ತಿಳಿಯದು. ದನಿ ಬಂದ ಕಡೆ ಈಜುವುದಷ್ಟೇ ಗೊತ್ತು. ಇಲ್ಲಿಂದ ಏನು ಕೂಗಿದರೂ ನರಿಯ ಬಾಯಿಗೇ ಕರೆದಂತೆ.

ಅವನು ಕಿವಿಗೊಟ್ಟ. ದೂರದಲ್ಲಿ ಅತ್ತಿಮರದ ಹಾಡು ಸಣ್ಣಗೆ ಕೇಳುತ್ತಿತ್ತು. ಸಾಕಿ, ಮೈನಾ, ಪಾರಿವಾಳ, ಎಲ್ಲರೂ ಇದ್ದರು. ಆದರೆ ಕೆಳಗಿನಿಂದ ಎತ್ತಿ ಹಿಡಿಯಲು ಅವನ ದಪ್ಪ ದನಿ ಇಲ್ಲದೆ ಹಾಡು ತೆಳ್ಳಗಾಗಿತ್ತು. ನೀರು ದಾಟುವಷ್ಟರಲ್ಲಿ ಮಂಜು ಅದನ್ನು ನುಂಗುತ್ತಿತ್ತು. ಚೆಲುವ ಮತ್ತೆ ಯೋಚಿಸಲಿಲ್ಲ. ಆ ಸಣ್ಣ ಹಾಡನ್ನೇ ಹಿಡಿದು ಮಂಜಿನೊಳಗೆ ಹಾರಿದ. ಸಾಕಿಯ ಪಕ್ಕದ ತನ್ನ ಜಾಗಕ್ಕೆ ಬಂದು ಕೂತ.

“ಅಜ್ಜ, ಮರಿಗಳು ಆಚೆ ದಡದ ಹತ್ತಿರ ಇದ್ದಾವೆ. ನನ್ನಿಂದಲೇ ಆಗಿದ್ದು,” ಎಂದ.

“ಬೈಗುಳ ಆಮೇಲೆ. ಈಗ ಹಾಡು,” ಎಂದ ದುಗ್ಗಜ್ಜ.

ಚೆಲುವ ಗಾಬರಿಯಲ್ಲಿ ಜೋರಾಗಿ ಶುರುಮಾಡಿದ. ಹರಿದ ಗಂಟಲು ಕರಕರ ಎಂದಿತು.

“ಗಂಟಲು ಬಿಡು! ಹೊಟ್ಟೆ, ಹೊಟ್ಟೆ!”

ಚೆಲುವ ಹೊಟ್ಟೆ ತುಂಬ ಉಸಿರು ತುಂಬಿಕೊಂಡ. ದನಿ ತಗ್ಗಿಸಿದ. ಇನ್ನೂ ತಗ್ಗಿಸಿದ. ಅಷ್ಟು ತಗ್ಗಿಸಿದ ಮೇಲೆ ಪಕ್ಕದಲ್ಲಿ ಸಾಕಿಯ ದನಿ ಕೇಳಿಸಿತು. ಇಷ್ಟು ದಿನ ಪಕ್ಕದಲ್ಲೇ ಕೂತಿದ್ದರೂ ಅವಳು ಇಷ್ಟು ಚೆನ್ನಾಗಿ ಹಾಡುತ್ತಾಳೆ ಎಂದು ಅವನಿಗೆ ಗೊತ್ತೇ ಇರಲಿಲ್ಲ. ಅವಳ ಸ್ವರದ ಅಡಿಗೆ ತನ್ನ ಸ್ವರ ಇಟ್ಟ. ಅವಳು ಉಸಿರಿಗೆ ನಿಂತಾಗ ತಾನು ಹಿಡಿದ, ತಾನು ನಿಂತಾಗ ಅವಳು ಹಿಡಿದಳು. ಆಗ ಇಪ್ಪತ್ತು ದನಿಗಳು ಒಂದಾದವು. ಹಾಡು ಗಟ್ಟಿಯಾಯಿತು. ಎಲ್ಲೂ ಕಡಿಯದೆ ಮಂಜು ದಾಟಿ ಜೊಂಡಿನಾಚೆಗೂ ಹೋಯಿತು.

ಅತ್ತ ದಡದಲ್ಲಿ ನರಿಗೆ ತಲೆಕೆಟ್ಟಿತು. “ಪೀಂ ಪೀಂ” ಸದ್ದು ದೂರ ದೂರ ಹೋಗುತ್ತಿತ್ತು. ಬಾಯಿಗೆ ಬಂದ ತಿಂಡಿ ಹೀಗೆ ಹೋಗುವುದೆಂದರೇನು? ತಾನೇ ಹಾಡಿ ಕರೆಯುತ್ತೇನೆ ಎಂದು ನೀರಿನ ಅಂಚಿಗಿಳಿದು, ಕತ್ತು ಮೇಲೆತ್ತಿ, ಊಳಿಡತೊಡಗಿತು. ಆ ಕೆಸರಿನಲ್ಲಿ ಮೊಸಳೆಯಿತ್ತು. ಅದು ನರಿಗೂ ಗೊತ್ತು. ಮಂಜಿನ ದಿನಗಳಲ್ಲಿ ನರಿ ಅಲ್ಲಿ ಕಿವಿ ನಿಮಿರಿಸಿಕೊಂಡೇ ಹೆಜ್ಜೆ ಇಡುತ್ತಿತ್ತು. ಇವತ್ತು ತನ್ನ ಊಳೊಂದು ಬಿಟ್ಟು ಬೇರೇನೂ ಅದಕ್ಕೆ ಕೇಳಿಸಲಿಲ್ಲ. ಮೊಸಳೆ ಹಿಂದಿನಿಂದ ಬಂದು ಗಬಕ್ಕನೆ ಬಾಲ ಹಿಡಿಯಿತು. ನರಿ ಅರ್ಧ ಬಾಲ ಅಲ್ಲೇ ಬಿಟ್ಟು, ಸತ್ತೆನೋ ಕೆಟ್ಟೆನೋ ಎಂದು ಓಡಿತು. ಆ ಕೆರೆಯ ಕಡೆ ಮತ್ತೆ ತಲೆ ಹಾಕಲಿಲ್ಲ.

ನಡುಗಡ್ಡೆಗೆ ಮೊದಲು ಈರಕ್ಕ ಬಂದಳು. ಅವಳ ಹಿಂದೆ ಮೂರು ಮರಿಗಳು ಬಂದವು. ನಾಲ್ಕನೆಯದು ಬರಲಿಲ್ಲ. ಈರಕ್ಕ ನೀರಿನ ಅಂಚಿನಲ್ಲಿ ಅತ್ತಿಂದಿತ್ತ ಓಡಾಡಿದಳು. ಹಕ್ಕಿಗಳಿಗೆಲ್ಲ ಸುಸ್ತಾಗಿತ್ತು. ಪಾರಿವಾಳದ ದನಿ ನಡುಗಿತು, ಮೈನಾ ಕೆಮ್ಮಿತು. ‘ಆ ಮರಿ ಮನೆ ಸೇರುವ ತನಕ ನಾನು ನಿಲ್ಲಿಸುವುದಿಲ್ಲ’ ಎಂದು ಚೆಲುವ ಗಟ್ಟಿ ಮನಸ್ಸು ಮಾಡಿದ. ದನಿ ಏರಿಸಲಿಲ್ಲ. ಪಕ್ಕದವರು ಬಿಟ್ಟದ್ದನ್ನು ಹಿಡಿಯುತ್ತಾ, ಹಿಡಿಯುತ್ತಾ ಹಾಡಿದ. ಅವನು ಬಿಡಲಿಲ್ಲವೆಂದು ಉಳಿದವರೂ ಬಿಡಲಿಲ್ಲ.

ಬಿಸಿಲು ಬಿದ್ದು ಮಂಜು ಹರಿಯುವ ಹೊತ್ತಿಗೆ, ನೀರಿನ ಮೇಲೆ ಒಂದು ಕಪ್ಪು ಚುಕ್ಕೆ ಕಾಣಿಸಿತು. ನಾಲ್ಕನೆಯ ಮರಿ ತೇಲುತ್ತಾ, ಮುಳುಗುತ್ತಾ ಬಂದು ತಾಯಿಯ ರೆಕ್ಕೆಯ ಕೆಳಗೆ ನುಗ್ಗಿತು. ಆಗ ದುಗ್ಗಜ್ಜ ತಾಳ ನಿಲ್ಲಿಸಿದ.

ಈರಕ್ಕ ಕಣ್ಣೀರು ಸುರಿಸುತ್ತಾ ಮರದ ಮೇಲೆ ನೋಡಿದಳು. “ನಿನ್ನ ದನಿ ಕೇಳಿ ನನ್ನ ಮರಿಗಳು ದಾರಿ ತಪ್ಪಿದವು ಚೆಲುವ,” ಎಂದಳು. “ಆಮೇಲೆ ನಿನ್ನ ದನಿ ಕೇಳಲೇ ಇಲ್ಲ. ನಮ್ಮನ್ನು ಬಿಟ್ಟು ಎಲ್ಲಿ ಹೋಗಿದ್ದೆ?”

ಚೆಲುವ ತಲೆ ತಗ್ಗಿಸಿದ. “ತಪ್ಪಾಯ್ತು ಅಕ್ಕ” ಎನ್ನಲು ಹೋದ. ಗಂಟಲಿನಿಂದ ಬರೀ ಗಾಳಿ ಬಂತು.

“ಆಮೇಲೆ ಎಲ್ಲೂ ಹೋಗಿಲ್ಲ ಅಕ್ಕ,” ಎಂದಳು ಸಾಕಿ. “ಇಷ್ಟು ಹೊತ್ತೂ ಇಲ್ಲೇ, ನಮ್ಮ ದನಿಯೊಳಗೇ ಬೆರೆತು ಹಾಡ್ತಿದ್ದ.”

ನೀತಿ: ಜೊತೆಯಲ್ಲಿ ಹಾಡುವವರಿಗೆ ಗಂಟಲು ಎಷ್ಟು ಮುಖ್ಯವೋ ಕಿವಿಯೂ ಅಷ್ಟೇ ಮುಖ್ಯ. ಪಕ್ಕದವರನ್ನು ಕೇಳಿಸಿಕೊಳ್ಳದವನ ದನಿ ಎಷ್ಟು ದೊಡ್ಡದಾದರೂ ದಾರಿ ತಪ್ಪಿಸುತ್ತದೆ.