ಲಾಭ ಹೋದ ದಾರಿ

ಕ್ಯಾಂಟೀನಿನಲ್ಲಿ ಯಾರೂ ಬಿಟ್ಟಿ ತಿನ್ನಬಾರದು ಎಂಬುದೊಂದೇ ನಿಯಮ. ಬರೆಸಿದವರು ಜಿನದತ್ತ ಸಾಹೇಬರು. ಅಂಧಮಕ್ಕಳ ಶಾಲೆ ನಡೆಸುವ ಸಂಸ್ಥೆಗೆ ಅವರು ದಾನ ಕೊಡದೆ, ಈ ಕ್ಯಾಂಟೀನಿಗೆ ಬಂಡವಾಳ ಹೂಡಿದ್ದರು. ಲಾಭದಲ್ಲಿ ಒಂದು ಪಾಲು ಅವರಿಗೆ, ಉಳಿದದ್ದು ಮಕ್ಕಳ ಓದಿಗೆ.

ಲಾಭ ಮಾತ್ರ ಹುಟ್ಟಲೇ ಇಲ್ಲ. ಒಂದು ಬೆಳಿಗ್ಗೆ ಸಾಹೇಬರು ಗುಡುಗುತ್ತ ಬಂದರು. “ಲಾಭ ಎಲ್ಲಿ? ತೋರಿಸದಿದ್ದರೆ ಇವತ್ತೇ ಬೀಗ.”

ಸಂಸ್ಥೆಯ ಅಧ್ಯಕ್ಷರು ಕಾರ್ಯದರ್ಶಿಯನ್ನು ನೋಡಿದರು. ಕಾರ್ಯದರ್ಶಿ ಸೂರು ನೋಡಿದರು. ದೋಸೆ ಹುಯ್ಯುತ್ತಿದ್ದ ನೀಲಮ್ಮ ಸೌಟು ಕೆಳಗಿಟ್ಟಳು. ಬೀಗ ಬಿದ್ದರೆ ಅವಳ ಕೆಲಸವೂ ಹೋಯಿತು, ಮಕ್ಕಳ ಓದೂ ಹೋಯಿತು.

“ತೋರಿಸ್ತೀನಿ ಸಾರ್, ಕೂತ್ಕೊಳ್ಳಿ. ಅಷ್ಟರಲ್ಲಿ ಒಂದು ಬೆಣ್ಣೆ ದೋಸೆ ತಿನ್ನಿ,” ಎಂದಳು.

ಸಾಹೇಬರು ತಿಂದರು. ಅಧ್ಯಕ್ಷರೂ ತಿಂದರು, ಕಾರ್ಯದರ್ಶಿಯೂ ತಿಂದರು. ಮೂವರೂ ಕೈ ತೊಳೆದು, ಗಲ್ಲಾಪೆಟ್ಟಿಗೆಯತ್ತ ತಿರುಗಿಯೂ ನೋಡದೆ ಬಾಗಿಲಿಗೆ ಬಂದರು.

“ಎಲ್ಲಿ ತಾಯಿ, ಲಾಭ?” ಎಂದರು ಸಾಹೇಬರು.

“ಇಗೋ, ಗಲ್ಲಾ ದಾಟಿ ಹೋಗ್ತಾ ಇದೆಯಲ್ಲ ಸಾರ್. ದಿನಾ ಹೀಗೇ ಹೋಗುತ್ತೆ. ನಿಮ್ಮ ಮೀಸೆಗೂ ಸ್ವಲ್ಪ ಅಂಟಿದೆ.”

ಸಾಹೇಬರು ಮೀಸೆ ಮುಟ್ಟಿ ನೋಡಿಕೊಂಡರು. ಬೆಣ್ಣೆ. ಮೊದಲು ಕೆಂಪಾದರು, ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕು ಜೇಬಿಗೆ ಕೈ ಹಾಕಿದರು. ಬೀಗದ ಮಾತು ಅಲ್ಲಿಗೇ ಮುಗಿಯಿತು.

ಕಾರ್ಯದರ್ಶಿಗೆ ಹೋದ ಜೀವ ಬಂತು. “ನೀಲಮ್ಮ, ಈ ಖುಷಿಗೆ ನನಗೆ ಇನ್ನೊಂದು ದೋಸೆ ಹಾಕಮ್ಮ.”

ನೀಲಮ್ಮ ಗರಿಗರಿ ದೋಸೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈ ಚಾಚಿದಳು.