ಮಾಮೂಲು ನಿಂತ ದಿನ

ಹೂಂ ಅಂತಿರ್ಬೇಕು ಕಣೇ ಪುಟ್ಟಿ, ನೀನು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ. ನಮ್ಮಜ್ಜಿಯ ಅಜ್ಜಿಗಿಂತ ಹಿಂದೆ ಒಬ್ಬ ರಾಜ ಇದ್ನಂತೆ, ಅವನ ರಾಜ್ಯದಲ್ಲಿ ಲಂಚ ಕೊಡ್ದೆ ಒಂದು ಕೆಲ್ಸಾನೂ ಆಗ್ತಿರ್ಲಿಲ್ವಂತೆ. ಇದನ್ನ ನಿಲ್ಲಿಸ್ಬೇಕು ಅಂತ ರಾಜ ಡಂಗುರ ಹೊಡೆಸಿದ, ಲಂಚ ತಗೊಂಡವ್ರಿಗೆ ಗಡೀಪಾರು ಅಂತ. ಅಧಿಕಾರಿಗಳು ಇದು ಲಂಚ ಅಲ್ಲ, ಕಾಣಿಕೆ ಅಂದ್ರಂತೆ. ಆಮೇಲೆ ಕಾಣಿಕೇನೂ ಕೂಡ್ದು ಅಂತ ಡಂಗುರ ಆಯ್ತು, ಆ ಖದೀಮರು ಅದಕ್ಕೆ ಮಾಮೂಲು ಅಂತ ಹೆಸ್ರಿಟ್ರು. ಆಮೇಲೆ ರಾಜಂಗೆ ರೇಗಿ, ಇವತ್ತಿಂದ ನನ್ನ ರಾಜ್ಯದಲ್ಲಿ ಮಾಮೂಲು ಬಂದ್, ನಡೆಸಿದವ್ರ ತಲೆ ಹೋಗುತ್ತೆ ಅಂತ ಮೂರನೇ ಸಲ ಸಾರಿಸಿದ್ನಂತೆ.

ಅಲ್ಲೇ ಹೊಳೆ ದಂಡೇಲಿ ತಿಬ್ಬಮ್ಮ ಅಂತ ಸೂಲಗಿತ್ತಿ ಇದ್ಲು. ಅವಳ ಮಗಳು ಹೊನ್ನಿ ತುಂಬು ಬಸುರಿ, ಆಚೆ ದಡದ ಗಂಡನ ಊರಲ್ಲಿದ್ಲು. ತವರಿಗೆ ಕರ್ಕೊಂಡು ಬರೋಕೆ ಇನ್ನೂ ವಾರ ಇತ್ತು, ಅಷ್ಟರಲ್ಲೇ ನೋವು ಬಂದ್ಬಿಡ್ತು. ಅಳಿಯ ಆಚೆಯಿಂದ ಟವಲ್ ಬೀಸ್ಕೊಂಡು ಕೂಗ್ತಿದ್ದ. ತಿಬ್ಬಮ್ಮ ಓಡಿ ಬಂದ್ರೆ, ಅಂಬಿಗ ಮುದ್ದಯ್ಯ ಹರಿಗೋಲು ಮಗುಚಿ ಹಾಕ್ಕೊಂಡು ಕೂತಿದಾನೆ.

ದಿನಾ ಮಾಮೂಲಾಗಿ ದಾಟಿಸ್ತೀಯಲ್ಲಪ್ಪ, ಏಳು ಅಂದ್ಲು. ಅದೇ ಕಣಮ್ಮ, ಮಾಮೂಲು ನಡೆಸಿದ್ರೆ ತಲೆ ಹೋಗುತ್ತಂತಲ್ಲ ಅಂದ್ನಂತೆ. ಪಾಪ, ಅವನಿಗೆ ಆ ಮಾತಿನ ಇನ್ನೊಂದು ಅರ್ಥಾನೇ ಗೊತ್ತಿರ್ಲಿಲ್ಲ, ಯಾರ ಹತ್ರಾನೂ ಬಿಡಿಗಾಸು ಹೆಚ್ಚಿಗೆ ತಗೊಂಡವ್ನಲ್ಲ. ಅವಳು ಕೈ ಮುಗಿದ್ಲು, ಅತ್ಲು, ಅವನೂ ಅತ್ತ, ಆದ್ರೆ ಏಳ್ಲಿಲ್ಲ.

ಆಗ ಹೊಳೆ ದಾಟೋ ಕಡವಿನ ಕಾವಲುಗಾರ ಮೀಸೆ ತಿರುವ್ಕೊಂಡು ಬಂದ. ನಾನು ಅಪ್ಪಣೆ ಕೊಡ್ತೀನಿ, ನನ್ನ ಸಂತೋಷಕ್ಕೆ ಆ ಕಿವಿಯೋಲೆ ಕೊಡು ಅಂದ್ನಂತೆ. ನೋಡ್ದ್ಯಾ, ನಾಲ್ಕನೇ ಹೆಸ್ರು! ತಿಬ್ಬಮ್ಮ ಓಲೆಗೆ ಕೈ ಹಾಕಿದ್ಲು, ಮದ್ವೇಲಿ ಹಾಕಿದ್ದು, ತಿರುಪು ಬಿಗಿದು ಹೋಗಿದೆ, ಬರ್ತಾನೇ ಇಲ್ಲ. ಕಿವಿ ಹರಿದು ರಕ್ತ ಬಂತು. ಆಚೆ ದಡದ ಕೂಗೂ ನಿಂತೋಯ್ತು. ಅಯ್ಯೋ, ಅವಳ ಎದೆ ಒಡೆದೋಯ್ತಂತೆ.

ಡಂಗುರ ಹೆಂಗೆ ನಡೀತಿದೆ ಅಂತ ನೋಡೋಕೆ ರಾಜ ಬಳೆಗಾರನ ವೇಷ ಹಾಕ್ಕೊಂಡು ಅಲ್ಲೇ ಕೂತಿದ್ದ. ಅವಳು ಅವನ ಕಡೆ ತಿರುಗಿ ಅಂದ್ಲು:

“ಬಳೆಗಾರಪ್ಪ, ಅರಮನೆ ಕಡೆ ಹೋದ್ರೆ ಆ ರಾಜಂಗೆ ಹೇಳು. ಹೆಸ್ರು ಹಿಡೀತಾ ಕೂತ್ಕೋಬ್ಯಾಡ, ಕೈ ಹಿಡಿ ಅಂತ.”

ರಾಜ ದಡಕ್ಕನೆ ಎದ್ದು, ಕಾವಲುಗಾರ ಚಾಚಿದ್ದ ಕೈನ ಹಿಡ್ಕೊಂಡ. ನಾನೇ ರಾಜ, ಹರಿಗೋಲು ಇಳಿಸೋ ಮುದ್ದಯ್ಯ ಅಂದ. ಆ ಕೈ ಬಿಡ್ದೆ ಅವನನ್ನೂ ಎಳ್ಕೊಂಡು ಹತ್ತಿದ್ನಂತೆ.

ತಿಬ್ಬಮ್ಮ ಹೋಗೋ ಹೊತ್ತಿಗೆ ಕೂಸಿನ ಕುತ್ತಿಗೆಗೆ ಹೊಕ್ಕುಳ ಬಳ್ಳಿ ಸುತ್ಕೊಂಡಿತ್ತು. ಇನ್ನೊಂದು ಗಳಿಗೆ ತಡ ಆಗಿದ್ರೆ... ಬೇಡಮ್ಮ, ನಾನು ಹೇಳಲ್ಲ. ಬಿಡಿಸಿದ್ಲು, ಬೆನ್ನು ತಟ್ಟಿದ್ಲು, ಅಳ್ಲಿಲ್ಲ. ಮತ್ತೆ ತಟ್ಟಿದ್ಲು, ಅಳ್ಲಿಲ್ಲ. ಮೂರನೇ ಸಲ ತಟ್ಟಿದಾಗ ಊರೆಲ್ಲ ಕೇಳೋ ಹಂಗೆ ಅತ್ತುಬಿಡ್ತು.

ಹೊರಗೆ ರಾಜ ಇನ್ನೂ ಕಾವಲುಗಾರನ ಕೈ ಹಿಡ್ಕೊಂಡೇ ನಿಂತಿದ್ದ. ಈಗ ಸಂತೋಷ ಆಯ್ತೇನೋ ಅಂತ ಮೆಲ್ಲಗೆ ಕೇಳಿದ್ನಂತೆ.

ಅವತ್ತಿಂದ ರಾಜ ಡಂಗುರ ಹೊಡೆಸೋದು ಬಿಟ್ಟು ಊರೂರಿಗೆ ತಾನೇ ಹೋಗಿ, ಯಾರು ಯಾರ ಮುಂದೆ ಕೈ ಚಾಚ್ತಾರೆ ಅಂತ ನೋಡ್ತಿದ್ನಂತೆ. ಹೊನ್ನಿ ಕೂಸನ್ನ ಎತ್ಕೊಂಡು ತವರಿಗೆ ಬಂದ್ಲು, ಎಲ್ರೂ ಸುಖವಾಗಿದ್ರು. ಹೂಂ ಅನ್ನೋದು ನಿಂತೋಯ್ತಲ್ಲ ನಿಂದು? ಸರಿ ಹಂಗಾದ್ರೆ, ಕತೇನೂ ಮಲಗ್ತು, ನೀನೂ ಮಲಗು.