ಬಾವಿಯ ತಳದಲ್ಲಿ ಕೂತಿದ್ದ ಅನಿಲ

ಹಾಳುಬಾವಿಯ ಹೂಳು ತೆಗೆಯಲು ಬಂದ ದ್ಯಾವಪ್ಪ, ವಾಡಿಕೆಯಂತೆ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟ. ತಳ ಹತ್ತಿರವಾಗುತ್ತಲೇ ದೀಪಕ್ಕೆ ಉಸಿರುಗಟ್ಟತೊಡಗಿತು.

"ಕೊಲೆಗಡುಕ! ನನ್ನ ಹಿಂದೆಯೇ ಒಬ್ಬ ಮನುಷ್ಯ ಇಳಿಯಲಿದ್ದಾನೆ," ಎಂದು ದೀಪ ಬೈಯಿತು.

"ಕೊಲ್ಲಲೆಂದು ಕೂತವನಲ್ಲ ತಾಯಿ," ಎಂದಿತು ತಳದಲ್ಲಿ ಮಡುಗಟ್ಟಿದ್ದ ಇಂಗಾಲದ ಡೈಆಕ್ಸೈಡ್. "ನಾನು ಭಾರದವನು. ಮೇಲೆ ಹಗುರಾದವರ ನಡುವೆ ನನಗೆಲ್ಲಿ ಜಾಗ?"

ದೀಪ ಆರಿಹೋಯಿತು. ಅದನ್ನು ಮೇಲೆಳೆದುಕೊಂಡ ದ್ಯಾವಪ್ಪ, ಎಲೆ ತುಂಬಿದ ಬೇವಿನ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಬಾವಿಯೊಳಗೆ ಏರಿಸಿ ಇಳಿಸಿ ಬೀಸತೊಡಗಿದ. ಕೊಂಬೆಯ ಜೊತೆಗೇ ಗಾಳಿಯೂ ಇಳಿದು ಬಂತು.

"ಏಳಪ್ಪ," ಎಂದಿತು ಗಾಳಿ.

"ಬೇಡ. ತೂಕ ನೋಡಿ ಕಡೆಗೆ ಕೂರಿಸುತ್ತಾರೆ."

"ತೂಕ ನೋಡಿ ಕೂರಿಸುವುದು ನೂರು ಕಿಲೋಮೀಟರ್ ಮೇಲೆ. ಅಲ್ಲಿ ಕಲಕುವವರಿಲ್ಲ. ಹಗುರಾದವರು ಮೇಲೆ, ಭಾರದವರು ಕೆಳಗೆ. ಅದಕ್ಕಿಂತ ಈಚೆ ಬಡಿಸುವವಳು ನಾನು. ಇಲ್ಲಿ ಎಲ್ಲರಿಗೂ ಒಂದೇ ಪಂಕ್ತಿ."

ಅನಿಲ ಹಿಂಜರಿಯುತ್ತಲೇ ಮೇಲೇರಿತು. ಸಾರಜನಕ ಸರಿದು ಜಾಗ ಕೊಟ್ಟಿತು. ಆಮ್ಲಜನಕ ಯಾವ ಊರೆಂದು ಕೇಳಲಿಲ್ಲ.

ದ್ಯಾವಪ್ಪ ಮತ್ತೆ ದೀಪ ಹಚ್ಚಿ ಇಳಿಬಿಟ್ಟ. ಈ ಸಲ ಅದು ತಳ ಮುಟ್ಟಿಯೂ ಉರಿಯುತ್ತಿತ್ತು. ಅವನು ಸೊಂಟಕ್ಕೆ ಹಗ್ಗ ಬಿಗಿದು ಬಾವಿಗಿಳಿದ.

ಇತ್ತ ಬಾವಿಯ ಪಕ್ಕದ ಬೇವಿನ ಮರದ ಎಲೆಯೊಂದು ಅನಿಲವನ್ನು ತಡೆದು ನಿಲ್ಲಿಸಿತು.

"ಎಲ್ಲಿದ್ದೆ ಇಷ್ಟು ದಿನ? ಬಿಸಿಲು ಬಂದಾಯಿತು, ನೀರು ಬಂದಾಯಿತು. ನೀನು ಬಾರದೆ ನನ್ನ ಅಡುಗೆ ಆಗುವುದು ಹೇಗೆ?"